ಡಾಲರ್ ಪಾಲು ಇಳಿಯಿತೆ? ಕರೆನ್ಸಿಯ ತ್ರೈಮಾಸಿಕ ಅಂಕಿಅಂಶ ಓದುವ ಸಮಗ್ರ ಮಾರ್ಗದರ್ಶಿ

2025ರ ಅಕ್ಟೋಬರ್ 1ರ ಸುಮಾರಿಗೆ ಅಂತರರಾಷ್ಟ್ರೀಯ ಹಣಕಾಸು ನಿಧಿ (ಐಎಂಎಫ್) ಒಂದು ಅಂಕಿಯನ್ನು ಹೊರಗೆ ಬಿಟ್ಟಿತು. ಜಗತ್ತಿನ ಕೇಂದ್ರೀಯ ಬ್ಯಾಂಕುಗಳ ವಿದೇಶಿ ವಿನಿಮಯ ಸಂಗ್ರಹದಲ್ಲಿ ಡಾಲರ್ ಪಾಲು ಮಾರ್ಚ್ ಕೊನೆಗೆ ಶೇ 57.79 ಇದ್ದದ್ದು ಜೂನ್ ಕೊನೆಗೆ ಶೇ 56.32ಕ್ಕೆ ಇಳಿದಿತ್ತು. ಮೂರೇ ತಿಂಗಳಲ್ಲಿ ಇಷ್ಟು ಇಳಿದಿದೆ ಎಂದರೆ ದೇಶಗಳು ಡಾಲರ್ ಮಾರಿ ಹೊರಬರುತ್ತಿವೆ ಎಂದೇ ಯಾರಿಗಾದರೂ ಅನ್ನಿಸುತ್ತದೆ. ಅದೇ ದಿನ ಐಎಂಎಫ್ ಇನ್ನೊಂದು ಅಂಕಿಯನ್ನೂ ಕೊಟ್ಟಿತ್ತು: ವಿನಿಮಯ ದರ ಮಾರ್ಚ್‌ನಲ್ಲಿದ್ದಂತೆಯೇ ಇದ್ದಿದ್ದರೆ ಪಾಲು ಶೇ 57.67 ಆಗಿರುತ್ತಿತ್ತು. ಅಂದರೆ ನಿಜವಾದ ಇಳಿಕೆ 0.12 ಅಂಶ ಮಾತ್ರ. ಕಣ್ಣಿಗೆ ಬಿದ್ದ ಇಳಿಕೆಯಲ್ಲಿ ಶೇ 92ರಷ್ಟು ದರದ ಏರಿಳಿತದಿಂದಲೇ ಬಂದದ್ದು.

ಮೊದಲ ಅಂಕಿಯನ್ನು ಮಾತ್ರ ಓದಿದವರು ಒಂದು ತೀರ್ಮಾನಕ್ಕೆ ಬರುತ್ತಾರೆ, ಎರಡನ್ನೂ ಓದಿದವರು ಅದಕ್ಕೆ ಪೂರ್ತಿ ಉಲ್ಟಾ ತೀರ್ಮಾನಕ್ಕೆ. ಎರಡನೆಯ ಅಂಕಿಯನ್ನು ಯಾರೂ ಕೊಡದಿದ್ದಾಗಲೂ ನೀವೇ ಲೆಕ್ಕ ಹಾಕಿಕೊಳ್ಳುವುದು ಹೇಗೆ ಎಂಬುದೇ ಇಲ್ಲಿನ ಮುಖ್ಯ ವಿಷಯ. ಎಕ್ಸೆಲ್‌ನಲ್ಲಿ ಕೂಡಿ ಕಳೆಯಲು ಬಂದರೆ ಸಾಕು.

ಮೊದಲು ಸೈಟು–ಎಫ್‌ಡಿ ಲೆಕ್ಕ

ಯಲಹಂಕದಲ್ಲಿ ಒಂದು ಕುಟುಂಬಕ್ಕೆ 40 ಲಕ್ಷ ರೂಪಾಯಿ ಬೆಲೆಯ ಸೈಟು, ಬ್ಯಾಂಕಿನಲ್ಲಿ 60 ಲಕ್ಷದ ಎಫ್‌ಡಿ ಇದೆ ಎಂದುಕೊಳ್ಳಿ. ಆಸ್ತಿಯಲ್ಲಿ ಎಫ್‌ಡಿ ಪಾಲು ಶೇ 60. ಸೈಟಿನ ಬೆಲೆ ಶೇ 10ರಷ್ಟು ಏರಿ 44 ಲಕ್ಷವಾಯಿತು. ಒಟ್ಟು ಈಗ 104 ಲಕ್ಷ. 60ನ್ನು 104ರಿಂದ ಭಾಗಿಸಿದರೆ ಎಫ್‌ಡಿ ಪಾಲು ಶೇ 57.7. ಮನೆಯವರು ಎಫ್‌ಡಿ ಮುರಿಸಿಲ್ಲ, ಒಂದು ಅಡಿ ಜಾಗವನ್ನೂ ಹೊಸದಾಗಿ ಕೊಂಡಿಲ್ಲ.

ಎಫ್‌ಡಿ ಇದ್ದ ಜಾಗದಲ್ಲಿ ಡಾಲರ್, ಸೈಟು ಇದ್ದ ಜಾಗದಲ್ಲಿ ಯೂರೊ ಇಡಿ. ಐಎಂಎಫ್ ಕೋಷ್ಟಕದಲ್ಲಿ ಎಲ್ಲ ಕರೆನ್ಸಿಗಳನ್ನೂ ಡಾಲರ್‌ಗೆ ಪರಿವರ್ತಿಸಿಯೇ ತೋರಿಸುತ್ತಾರೆ. ಯೂರೊ ದುಬಾರಿಯಾದರೆ ಯೂರೊ ಪಾಲು ತಾನಾಗಿಯೇ ಏರುತ್ತದೆ, ಡಾಲರ್ ಪಾಲು ತಾನಾಗಿಯೇ ಇಳಿಯುತ್ತದೆ. ಪಾಲು ಎಂಬ ಸಂಖ್ಯೆಯಲ್ಲಿ ಬೆಲೆಯೂ ಇದೆ, ಪ್ರಮಾಣವೂ ಇದೆ. ಎರಡನ್ನೂ ಬಿಡಿಸದೆ ಅದರಿಂದ ಏನನ್ನೂ ಹೇಳಬಾರದು.

ಹಂತ 1: ಯಾವ ಕೋಷ್ಟಕ, ಯಾವ ತ್ರೈಮಾಸಿಕ

ಬೇಕಾದ ಕೋಷ್ಟಕದ ಹೆಸರು ಕೋಫರ್. ಕೇಂದ್ರೀಯ ಬ್ಯಾಂಕುಗಳ ಅಧಿಕೃತ ವಿದೇಶಿ ವಿನಿಮಯ ಸಂಗ್ರಹ ಯಾವ ಯಾವ ಕರೆನ್ಸಿಯಲ್ಲಿದೆ ಎಂಬ ಲೆಕ್ಕ ಇದು. ಐಎಂಎಫ್‌ನ ಡೇಟಾ ಪೋರ್ಟಲ್‌ನಲ್ಲಿ ಉಚಿತವಾಗಿ ಸಿಗುತ್ತದೆ, ಎಕ್ಸೆಲ್‌ಗೆ ಇಳಿಸಿಕೊಳ್ಳಬಹುದು. ತ್ರೈಮಾಸಿಕ ಮುಗಿದ ಸುಮಾರು ಮೂರು ತಿಂಗಳಿಗೆ ಅಂಕಿ ಹೊರಬರುತ್ತದೆ. ಅಂದರೆ ಸೆಪ್ಟೆಂಬರ್ ಕೊನೆಯಲ್ಲಿ ನೀವು ಓದುವುದು ಜೂನ್ 30ರ ಚಿತ್ರ.

ಮೊತ್ತವನ್ನು ಟ್ರಿಲಿಯನ್‌ನಲ್ಲಿ ಕೊಟ್ಟಿರುತ್ತಾರೆ. ಒಂದು ಬಿಲಿಯನ್ ಎಂದರೆ 100 ಕೋಟಿ, ಒಂದು ಟ್ರಿಲಿಯನ್ ಎಂದರೆ 1 ಲಕ್ಷ ಕೋಟಿ. 2025ರ ಜೂನ್ ಕೊನೆಯ ಒಟ್ಟು ಮೊತ್ತ ಸುಮಾರು 12.94 ಟ್ರಿಲಿಯನ್, ಎಂದರೆ 12.94 ಲಕ್ಷ ಕೋಟಿ ಡಾಲರ್.

ನಮ್ಮವರು ಎಡವುವುದು ತ್ರೈಮಾಸಿಕದ ಹೆಸರಿನಲ್ಲಿ. ನಮ್ಮ ಹಣಕಾಸು ವರ್ಷ ಏಪ್ರಿಲ್‌ನಲ್ಲಿ ಶುರುವಾಗುವುದರಿಂದ ‘ಮೊದಲ ತ್ರೈಮಾಸಿಕ’ ಎಂದರೆ ನಮಗೆ ಏಪ್ರಿಲ್–ಜೂನ್. ಐಎಂಎಫ್‌ಗೆ ಮೊದಲ ತ್ರೈಮಾಸಿಕ ಎಂದರೆ ಜನವರಿ–ಮಾರ್ಚ್. ರಿಸರ್ವ್ ಬ್ಯಾಂಕಿನ ‘ಕ್ಯೂ1’ ಅಂಕಿಯ ಪಕ್ಕ ಕೋಫರ್‌ನ ‘ಕ್ಯೂ1’ ಇಟ್ಟರೆ ಮೂರು ತಿಂಗಳ ಅಂತರದ ಎರಡು ಚಿತ್ರಗಳನ್ನು ಹೋಲಿಸಿದಂತಾಗುತ್ತದೆ. ಹಾಗಾಗಿ ಶೀಟಿನಲ್ಲಿ ‘ಕ್ಯೂ1’ ಎಂದು ಬರೆಯಲೇಬೇಡಿ. ‘2025 ಜೂನ್ ಅಂತ್ಯ’ ಎಂದು ತಿಂಗಳ ಹೆಸರನ್ನೇ ಬರೆಯಿರಿ.

ಹಂತ 2: ಛೇದದಲ್ಲಿ ಏನಿದೆ, ಏನಿಲ್ಲ

ಶೇಕಡಾವಾರು ಪಾಲನ್ನು ಕಂಡ ತಕ್ಷಣ ಕೇಳಬೇಕಾದ ಪ್ರಶ್ನೆ: ಯಾವುದರ ಪಾಲು?

ಕೋಫರ್‌ನಲ್ಲಿ ಚಿನ್ನ ಇಲ್ಲ. ಐಎಂಎಫ್ ತನ್ನ ಸದಸ್ಯ ದೇಶಗಳಿಗೆ ಹಂಚುವ ಮೀಸಲು ಆಸ್ತಿಯಾದ ಎಸ್‌ಡಿಆರ್ ಇಲ್ಲ, ಐಎಂಎಫ್‌ನಲ್ಲಿ ದೇಶ ಇಟ್ಟಿರುವ ಮೀಸಲು ಮೊತ್ತವೂ ಇಲ್ಲ. ವಿದೇಶಿ ಕರೆನ್ಸಿಯಲ್ಲಿರುವ ಬಾಂಡ್, ಠೇವಣಿ, ನಗದು ಮಾತ್ರ. ಪ್ರತ್ಯೇಕವಾಗಿ ತೋರಿಸುವುದು ಎಂಟು ಕರೆನ್ಸಿ: ಡಾಲರ್, ಯೂರೊ, ಯೆನ್, ಪೌಂಡ್, ಯುವಾನ್, ಆಸ್ಟ್ರೇಲಿಯಾ ಡಾಲರ್, ಕೆನಡಾ ಡಾಲರ್, ಸ್ವಿಸ್ ಫ್ರಾಂಕ್. ಯುವಾನ್‌ಗೆ ಬೇರೆ ಸಾಲು ಸಿಕ್ಕಿದ್ದು 2016ರ ಕೊನೆಯ ತ್ರೈಮಾಸಿಕದಿಂದ. ನಮ್ಮ ರೂಪಾಯಿ ‘ಇತರೆ’ ಎಂಬ ಸಾಲಿನಲ್ಲಿ ಕರಗಿಹೋಗಿದೆ. ಹಾಗಾಗಿ ರೂಪಾಯಿಯ ಅಂತರರಾಷ್ಟ್ರೀಯ ಬಳಕೆ ಎಷ್ಟು ಬೆಳೆಯಿತು ಎಂಬುದಕ್ಕೆ ಕೋಫರ್‌ನಲ್ಲಿ ಉತ್ತರ ಹುಡುಕಿ ಪ್ರಯೋಜನವಿಲ್ಲ.

ಚಿನ್ನ ಸೇರಿಸುವುದು, ಬಿಡುವುದು ಎಷ್ಟು ವ್ಯತ್ಯಾಸ ತರುತ್ತದೆ ನೋಡಿ. 2025ರ ಜೂನ್‌ನಲ್ಲಿ ಯುರೋಪಿಯನ್ ಸೆಂಟ್ರಲ್ ಬ್ಯಾಂಕ್ ತನ್ನ ವಾರ್ಷಿಕ ವರದಿಯಲ್ಲಿ 2024ರ ಕೊನೆಗೆ ಅಧಿಕೃತ ಸಂಗ್ರಹದಲ್ಲಿ ಡಾಲರ್ ಶೇ 46, ಚಿನ್ನ ಶೇ 20, ಯೂರೊ ಶೇ 16 ಎಂದು ಹೇಳಿತು. ಅದೇ ಕಾಲಕ್ಕೆ ಕೋಫರ್‌ನಲ್ಲಿ ಡಾಲರ್ ಶೇ 57.8ರ ಆಸುಪಾಸಿನಲ್ಲಿತ್ತು. ಎರಡೂ ಸರಿ. ಮೊದಲನೆಯದರ ಛೇದದಲ್ಲಿ ಮಾರುಕಟ್ಟೆ ಬೆಲೆಗೆ ಕಟ್ಟಿದ ಚಿನ್ನ ಇದೆ, ಎರಡನೆಯದರಲ್ಲಿ ಇಲ್ಲ. ಸೈಟು–ಎಫ್‌ಡಿ ಲೆಕ್ಕಕ್ಕೆ ಬೀರುವಿನಲ್ಲಿರುವ ಒಡವೆಯನ್ನೂ ಸೇರಿಸಿದ ಹಾಗೆ. ಹಿಂದಿನ ಶೇ 57.8ನ್ನೂ ಇವತ್ತಿನ ಶೇ 46ನ್ನೂ ಒಂದೇ ಗೆರೆಯಲ್ಲಿ ಕೂರಿಸಿ ‘ಡಾಲರ್ ಕುಸಿತ’ ಎಂದು ಗ್ರಾಫ್ ಎಳೆದರೆ ಅದು ತಪ್ಪು ಗ್ರಾಫ್. ಜೊತೆಗೆ ಚಿನ್ನದ ಪಾಲಿನಲ್ಲೂ ಚಿನ್ನದ ಬೆಲೆ ಏರಿದ್ದರ ಭಾಗ ದೊಡ್ಡದಾಗಿಯೇ ಇದೆ.

ಇನ್ನೊಂದು ಮಾತು. ಕೋಫರ್‌ಗೆ 149 ವರದಿದಾರರು ಅಂಕಿ ಕೊಡುತ್ತಾರೆ, ಆದರೆ ಯಾವ ದೇಶ ಏನು ಕೊಟ್ಟಿತು ಎಂಬುದು ಗೋಪ್ಯ. ‘ಕೋಫರ್ ಪ್ರಕಾರ ಚೀನಾ ಇಷ್ಟು ಡಾಲರ್ ಮಾರಿತು’ ಎಂಬ ಸಾಲು ಕಂಡರೆ ಬರೆದವರು ಕೋಷ್ಟಕ ನೋಡಿಲ್ಲ ಎಂದೇ ಅರ್ಥ. ಹಳೆಯ ಕೋಷ್ಟಕಗಳಲ್ಲಿ ‘ಕರೆನ್ಸಿವಾರು ಹಂಚಿಕೆ ತಿಳಿದಿರುವುದು’, ‘ತಿಳಿಯದಿರುವುದು’ ಎಂಬ ಎರಡು ಭಾಗಗಳಿದ್ದು, ಪಾಲನ್ನು ಮೊದಲ ಭಾಗದ ಮೇಲೆ ಮಾತ್ರ ಲೆಕ್ಕ ಹಾಕುತ್ತಿದ್ದರು. ಸುಮಾರು 2014ರವರೆಗೆ ಎರಡನೆಯ ಭಾಗ ಬಹಳ ದೊಡ್ಡದಿತ್ತು. ಆ ಕಾಲದ ಸಣ್ಣಪುಟ್ಟ ಏರಿಳಿತಕ್ಕೆ ಹೆಚ್ಚು ಅರ್ಥ ಹಚ್ಚಬೇಡಿ.

ಹಂತ 3: ದರದ ಪರಿಣಾಮವನ್ನು ಬಿಡಿಸುವುದು

ಎಕ್ಸೆಲ್‌ನಲ್ಲಿ ಆರು ಕಾಲಂ ಮಾಡಿ: ಕರೆನ್ಸಿಯ ಹೆಸರು, ಹಿಂದಿನ ತ್ರೈಮಾಸಿಕದ ಮೊತ್ತ, ಈ ತ್ರೈಮಾಸಿಕದ ಮೊತ್ತ, ಹಿಂದಿನ ಕೊನೆಯ ದಿನದ ದರ, ಈ ಕೊನೆಯ ದಿನದ ದರ, ತಿದ್ದಿದ ಮೊತ್ತ. ಕೊನೆಯ ಕಾಲಂನ ಸೂತ್ರ ಇಷ್ಟೇ:

ಈಗಿನ ಮೊತ್ತ ÷ ಈಗಿನ ದರ × ಹಿಂದಿನ ದರ

ಈಗಿನ ದರದಿಂದ ಭಾಗಿಸಿದಾಗ ಡಾಲರ್‌ನಲ್ಲಿ ತೋರಿಸಿದ್ದು ಮತ್ತೆ ಯೂರೊ ಆಗುತ್ತದೆ. ಹಿಂದಿನ ದರದಿಂದ ಗುಣಿಸಿದಾಗ, ದರ ಅಲುಗದೇ ಇದ್ದಿದ್ದರೆ ಅದರ ಡಾಲರ್ ಮೌಲ್ಯ ಎಷ್ಟಿರುತ್ತಿತ್ತು ಎಂಬುದು ಸಿಗುತ್ತದೆ. ಡಾಲರ್ ಸಾಲನ್ನು ಮುಟ್ಟುವ ಅಗತ್ಯವಿಲ್ಲ, ಅದರ ದರ ಯಾವಾಗಲೂ 1.

ಜೂನ್ 2025ರ ಅಂಕಿಯನ್ನೇ ಹಿಡಿದು ಮಾಡಿ ನೋಡೋಣ. ಒಟ್ಟನ್ನು 100 ಎಂದುಕೊಂಡರೆ ಡಾಲರ್ 56.32, ಯೂರೊ 21.13, ಉಳಿದವೆಲ್ಲ ಸೇರಿ 22.55. ಯುರೋಪಿಯನ್ ಸೆಂಟ್ರಲ್ ಬ್ಯಾಂಕಿನ ಉಲ್ಲೇಖ ದರದಂತೆ ಒಂದು ಯೂರೊಗೆ ಮಾರ್ಚ್ 31ರಂದು 1.0815 ಡಾಲರ್, ಜೂನ್ 30ರಂದು 1.1720 ಡಾಲರ್.

21.13 ÷ 1.1720 = 18.03
18.03 × 1.0815 = 19.50

ಯೂರೊ ಸಾಲಿನಲ್ಲಿ 1.63 ಬರೀ ದರದಿಂದ ಉಬ್ಬಿದ್ದು. ಅದನ್ನು ತೆಗೆದರೆ ಒಟ್ಟು 98.37. ಈಗ 56.32ನ್ನು 98.37ರಿಂದ ಭಾಗಿಸಿ: ಶೇ 57.25. ಒಂದೇ ಒಂದು ಕರೆನ್ಸಿಯನ್ನು ತಿದ್ದಿದ್ದಕ್ಕೆ 1.47 ಅಂಶದ ಇಳಿಕೆಯಲ್ಲಿ 0.93 ಅಂಶ ಮಾಯವಾಯಿತು. ಪೌಂಡ್, ಯೆನ್, ಫ್ರಾಂಕ್ ಮುಂತಾದವನ್ನೂ ಹೀಗೆಯೇ ತಿದ್ದುತ್ತ ಹೋದರೆ ಐಎಂಎಫ್ ಹೇಳಿದ ಶೇ 57.67ರ ಹತ್ತಿರ ಬರುತ್ತೀರಿ. ಯೂರೊ ಕಡೆಯಿಂದ ನೋಡಿದರೂ ಕಥೆ ಅದೇ. ಅದರ ಪಾಲು ಶೇ 21.13ಕ್ಕೆ ಏರಿದಂತೆ ಕಂಡರೂ, 19.50ನ್ನು 98.37ರಿಂದ ಭಾಗಿಸಿದರೆ ಸಿಗುವುದು ಶೇ 19.8. ಯಾರೂ ಯೂರೊ ಕಡೆಗೆ ಓಡಿಹೋಗಿರಲಿಲ್ಲ.

ಈ ಲೆಕ್ಕ ಕೆಡುವುದು ಸಾಮಾನ್ಯವಾಗಿ ದರದ ದಿಕ್ಕಿನಲ್ಲಿ. ಯೂರೊ, ಪೌಂಡ್, ಆಸ್ಟ್ರೇಲಿಯಾ ಡಾಲರ್‌ಗಳ ದರವನ್ನು ‘ಒಂದಕ್ಕೆ ಎಷ್ಟು ಡಾಲರ್’ ಎಂದು ಹೇಳುತ್ತಾರೆ. ಯೆನ್, ಯುವಾನ್, ಫ್ರಾಂಕ್, ಕೆನಡಾ ಡಾಲರ್‌ಗಳನ್ನು ‘ಒಂದು ಡಾಲರ್‌ಗೆ ಎಷ್ಟು’ ಎಂದು. ಎರಡನೆಯ ಗುಂಪಿನ ದರವನ್ನು ಹಾಗೇ ಸೂತ್ರಕ್ಕೆ ಹಾಕಿದರೆ ತಿದ್ದುಪಡಿ ತಲೆಕೆಳಗಾಗುತ್ತದೆ, ಕಳೆಯಬೇಕಾದದ್ದು ಕೂಡಿರುತ್ತದೆ. ಡಾಲರ್‌ಗೆ 144 ಯೆನ್ ಇದ್ದರೆ 1 ÷ 144, ಅಂದರೆ 0.00694 ಎಂದು ತಿರುಗಿಸಿಕೊಂಡು ಬಳಸಿ. ಸರಿಯಾಗಿದೆಯೇ ಎಂದು ನೋಡುವ ಸುಲಭದ ದಾರಿ: ಆ ತ್ರೈಮಾಸಿಕದಲ್ಲಿ ಡಾಲರ್ ಎದುರು ಬಲಗೊಂಡ ಪ್ರತಿ ಕರೆನ್ಸಿಯ ತಿದ್ದಿದ ಮೊತ್ತ ಮೂಲ ಮೊತ್ತಕ್ಕಿಂತ ಕಡಿಮೆ ಬರಲೇಬೇಕು.

ತ್ರೈಮಾಸಿಕದ ಸರಾಸರಿ ದರವನ್ನು ಬಳಸುವುದು ಎರಡನೆಯ ತಪ್ಪು. ಸಂಗ್ರಹ ಎನ್ನುವುದು ಆ ದಿನದ ದಾಸ್ತಾನು, ಆದ್ದರಿಂದ ಕೊನೆಯ ದಿನದ ದರವೇ ಬೇಕು. ‘ಇತರೆ’ ಸಾಲಿಗೆ ದರ ಇರುವುದಿಲ್ಲ. ಅದನ್ನು ಹಾಗೇ ಬಿಟ್ಟು, ಬಿಟ್ಟಿದ್ದೇವೆ ಎಂದು ಪಕ್ಕದಲ್ಲಿ ಗುರುತು ಹಾಕಿ. ಬಡ್ಡಿದರ ಬದಲಾದಾಗ ಬಾಂಡ್‌ಗಳ ಬೆಲೆಯೂ ಬದಲಾಗುತ್ತದೆ, ಅದನ್ನು ಈ ಸೂತ್ರ ಹಿಡಿಯುವುದಿಲ್ಲ. ಹಾಗಾಗಿ ತಿದ್ದಿದ ನಂತರ ಉಳಿದ 0.1, 0.2 ಅಂಶದ ಬದಲಾವಣೆಯನ್ನು ‘ಮಾರಾಟ’ ಎಂದು ಕರೆಯಲು ಧೈರ್ಯ ಮಾಡಬೇಡಿ.

ಅಂಶ ಎಂದಾಗ ಇನ್ನೊಂದು ಎಚ್ಚರ. ಶೇ 57.79ರಿಂದ ಶೇ 56.32ಕ್ಕೆ ಇಳಿದರೆ ಅದು 1.47 ಶೇಕಡಾವಾರು ಅಂಶದ ಇಳಿಕೆ, ‘ಶೇ 1.47ರಷ್ಟು ಇಳಿಕೆ’ ಅಲ್ಲ. ಶೇಕಡಾ ಲೆಕ್ಕದಲ್ಲಿ ಅದು ಸುಮಾರು ಶೇ 2.5.

ಹಂತ 4: ಒಂದು ತ್ರೈಮಾಸಿಕದಿಂದ ಹಿಂದಕ್ಕೆ ಸರಿದು ನೋಡಿ

ಒಂದು ತ್ರೈಮಾಸಿಕ ಏನೂ ಆಗಿಲ್ಲ ಎಂದು ತೋರಿಸಿದ ಮಾತ್ರಕ್ಕೆ ಏನೂ ಆಗುತ್ತಿಲ್ಲ ಎಂದಲ್ಲ. 1999ರಲ್ಲಿ ಡಾಲರ್ ಪಾಲು ಶೇ 71ರ ಆಸುಪಾಸಿನಲ್ಲಿತ್ತು. 2020ರ ಕೊನೆಗೆ ಶೇ 59. ಇಪ್ಪತ್ತೊಂದು ವರ್ಷಕ್ಕೆ ಹರಡಿದರೆ ವರ್ಷಕ್ಕೆ ಸರಾಸರಿ ಅರ್ಧ ಅಂಶದಷ್ಟು. ದರ ಎಷ್ಟೋ ಸಲ ಏರಿ ಇಳಿದರೂ ಈ ಇಳಿಜಾರು ಉಳಿದುಕೊಂಡಿದೆ. ಇದು ನಿಜವಾದ ಬದಲಾವಣೆ. ಆದರೆ ಡಾಲರ್ ಬಿಟ್ಟುಕೊಟ್ಟ ಜಾಗಕ್ಕೆ ಬಂದವರು ಯಾರು? ಅರ್ಥಶಾಸ್ತ್ರಜ್ಞ ಬ್ಯಾರಿ ಐಕನ್‌ಗ್ರೀನ್ ಮತ್ತು ಐಎಂಎಫ್ ಸಂಶೋಧಕರು 2022ರಲ್ಲಿ ಲೆಕ್ಕ ಹಾಕಿದಂತೆ, ಅದರಲ್ಲಿ ಕಾಲು ಭಾಗ ಮಾತ್ರ ಯುವಾನ್‌ಗೆ ಹೋಗಿದೆ. ಮುಕ್ಕಾಲು ಭಾಗ ಹೋದದ್ದು ಆಸ್ಟ್ರೇಲಿಯಾ ಡಾಲರ್, ಕೆನಡಾ ಡಾಲರ್, ಕೊರಿಯಾದ ವಾನ್, ಸ್ವೀಡನ್ನಿನ ಕ್ರೋನಾದಂಥ ಸಣ್ಣ ಕರೆನ್ಸಿಗಳಿಗೆ. ಯುವಾನ್ ಪಾಲು 2025ರ ಮಧ್ಯದಲ್ಲಿಯೂ ಶೇ 2ಕ್ಕಿಂತ ಸ್ವಲ್ಪವೇ ಮೇಲೆ.

ಶೀಟಿನಲ್ಲಿ ಕನಿಷ್ಠ 20 ತ್ರೈಮಾಸಿಕ ಇಟ್ಟುಕೊಳ್ಳಿ. ಐದು ವರ್ಷಕ್ಕಿಂತ ಕಡಿಮೆಯ ಗ್ರಾಫ್‌ನಲ್ಲಿ ಈ ಇಳಿಜಾರು ದರದ ಅಲೆಯಲ್ಲಿ ಮುಳುಗಿಹೋಗುತ್ತದೆ.

ಹಂತ 5: ಮೌಲ್ಯ ಅಳೆಯಲು ಯಾವ ಸೂಚ್ಯಂಕ

‘ಡಾಲರ್ ಬಿತ್ತು’ ಎಂದಾಗ ಯಾವುದರ ಎದುರು ಎಂದು ಕೇಳಿ. ಟಿವಿಯಲ್ಲಿ ಓಡುವ ಡಾಲರ್ ಸೂಚ್ಯಂಕ, ಡಿಎಕ್ಸ್‌ವೈ, ಆರೇ ಕರೆನ್ಸಿಗಳ ಬುಟ್ಟಿ. ಅದರಲ್ಲಿ ಯೂರೊ ಒಂದರ ತೂಕವೇ ಶೇ 57.6, ಯೆನ್ ಶೇ 13.6, ಪೌಂಡ್ ಶೇ 11.9. ಯುವಾನ್ ಇಲ್ಲ, ರೂಪಾಯಿಯೂ ಇಲ್ಲ. ಮಾರ್ಚ್ 1973 = 100 ಎಂಬ ಆಧಾರದಲ್ಲಿ ನಿಂತ ಈ ಸೂಚ್ಯಂಕ 2025ರ ಮೊದಲ ಆರು ತಿಂಗಳಲ್ಲಿ ಶೇ 10ಕ್ಕಿಂತ ಹೆಚ್ಚು ಇಳಿಯಿತು; 1973ರ ನಂತರ ಮೊದಲ ಅರ್ಧ ವರ್ಷದಲ್ಲಿ ಅಷ್ಟು ಇಳಿದದ್ದಿಲ್ಲ. ಅಮೆರಿಕದ ಫೆಡರಲ್ ರಿಸರ್ವ್ ಪ್ರಕಟಿಸುವ ವಿಶಾಲ ಸೂಚ್ಯಂಕದಲ್ಲಿ 26 ಕರೆನ್ಸಿಗಳಿವೆ, ರೂಪಾಯಿಯೂ ಸೇರಿದೆ, ಆಧಾರ ಜನವರಿ 2006. ವ್ಯಾಪಾರದ ಮಾತಾಡುವಾಗ ಇದನ್ನೇ ನೋಡಿ.

ರೂಪಾಯಿಗೆ ರಿಸರ್ವ್ ಬ್ಯಾಂಕಿನ ಮಾಸಿಕ ಬುಲೆಟಿನ್‌ನಲ್ಲಿ ಬರುವ ರೀರ್, ಅಂದರೆ 40 ಕರೆನ್ಸಿಗಳ ನೈಜ ಪರಿಣಾಮಕಾರಿ ವಿನಿಮಯ ದರ. ಆಧಾರ 2015–16 = 100. ಇದು ವ್ಯಾಪಾರದ ತೂಕದ ಜೊತೆ ಹಣದುಬ್ಬರದ ವ್ಯತ್ಯಾಸವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಒಂದು ವರ್ಷದಲ್ಲಿ ರೂಪಾಯಿ ಶೇ 3ರಷ್ಟು ಇಳಿಯಿತು, ನಮ್ಮಲ್ಲಿ ಹಣದುಬ್ಬರ ಶೇ 5, ಅಲ್ಲಿ ಶೇ 3 ಎಂದಿಟ್ಟುಕೊಳ್ಳಿ. ರಫ್ತುದಾರನಿಗೆ ನಿಜವಾಗಿ ಸಿಕ್ಕ ಅನುಕೂಲ ಸುಮಾರು ಶೇ 1 ಮಾತ್ರ, ಏಕೆಂದರೆ ಅವನ ಕೂಲಿ, ಕರೆಂಟು, ಕಚ್ಚಾ ಮಾಲು ಅಷ್ಟು ದುಬಾರಿಯಾಗಿರುತ್ತದೆ. 2024ರ ನವೆಂಬರ್‌ನಲ್ಲಿ ರೀರ್ 108ನ್ನು ದಾಟಿತ್ತು. ಡಾಲರ್ ಎದುರು ರೂಪಾಯಿ ಇಳಿಯುತ್ತಿದ್ದಾಗಲೇ ಒಟ್ಟಾರೆ ಬುಟ್ಟಿಯ ಎದುರು ಅದು ಬಲವಾಗಿತ್ತು. 100ಕ್ಕಿಂತ ಮೇಲಿದ್ದರೆ ‘ಅತಿಮೌಲ್ಯ’ ಎಂದು ಮುದ್ರೆ ಒತ್ತುವವರಿದ್ದಾರೆ. 100 ಎನ್ನುವುದು ಆಧಾರ ವರ್ಷದ ಮಟ್ಟ ಅಷ್ಟೇ, ಸರಿಯಾದ ಮಟ್ಟ ಎಂದು ಯಾರೂ ಹೇಳಿಲ್ಲ.

ಹಂತ 6: ಪಾತ್ರ ಅಳೆಯುವ ಬೇರೆ ಅಂಕಿಗಳು

ಸಂಗ್ರಹದ ಪಾಲು ಕರೆನ್ಸಿಯ ಪಾತ್ರದ ಒಂದು ಮುಖ. ವಹಿವಾಟಿನ ಮುಖ ನೋಡಲು ಕೇಂದ್ರೀಯ ಬ್ಯಾಂಕುಗಳ ಬ್ಯಾಂಕ್ ಎನಿಸಿದ ಬಿಐಎಸ್ ಮೂರು ವರ್ಷಕ್ಕೊಮ್ಮೆ ಮಾಡುವ ಸಮೀಕ್ಷೆ ಇದೆ. 2025ರ ಏಪ್ರಿಲ್‌ನಲ್ಲಿ ದಿನಕ್ಕೆ 9.6 ಲಕ್ಷ ಕೋಟಿ ಡಾಲರ್‌ನಷ್ಟು ಕರೆನ್ಸಿ ವಹಿವಾಟು, ಅದರಲ್ಲಿ ಸುಮಾರು ಶೇ 89ರಲ್ಲಿ ಒಂದು ಬದಿಗೆ ಡಾಲರ್. ಇಲ್ಲಿ ಎಲ್ಲ ಕರೆನ್ಸಿಗಳ ಪಾಲು ಕೂಡಿದರೆ 200 ಬರುತ್ತದೆ, 100 ಅಲ್ಲ. ಪ್ರತಿ ವಹಿವಾಟಿಗೂ ಎರಡು ಬದಿ. ಆದ್ದರಿಂದ ಶೇ 89ನ್ನು ಕೋಫರ್‌ನ ಶೇ 56ರ ಪಕ್ಕ ಇಡುವುದು ಸಲ್ಲ. ಬ್ಯಾಂಕುಗಳ ನಡುವಿನ ಸಂದೇಶ ಜಾಲವಾದ ಸ್ವಿಫ್ಟ್‌ನ ಮಾಸಿಕ ಅಂಕಿಯೂ ಇದೆ, ಆದರೆ ಅದು ಸ್ವಿಫ್ಟ್ ಮೂಲಕ ಹೋದ ಪಾವತಿ ಸಂದೇಶಗಳದ್ದು ಮಾತ್ರ. ರಿಸರ್ವ್ ಬ್ಯಾಂಕ್ 2022ರ ಜುಲೈ 11ರಂದು ಅನುವು ಮಾಡಿಕೊಟ್ಟ ವಿಶೇಷ ರೂಪಾಯಿ ವೋಸ್ಟ್ರೊ ಖಾತೆಗಳ (ವಿದೇಶಿ ಬ್ಯಾಂಕುಗಳು ನಮ್ಮ ಬ್ಯಾಂಕುಗಳಲ್ಲಿ ರೂಪಾಯಿಯಲ್ಲಿ ಇಡುವ ಖಾತೆ) ಮೂಲಕ ನಡೆಯುವ ವ್ಯಾಪಾರ ಈ ಅಂಕಿಗಳಲ್ಲಿ ಎದ್ದು ಕಾಣುವುದಿಲ್ಲ.

ಹಂತ 7: ಅದೇ ಅಳತೆಗೋಲು ನಮ್ಮ ಸಂಗ್ರಹಕ್ಕೆ

ರಿಸರ್ವ್ ಬ್ಯಾಂಕ್ ಪ್ರತಿ ಶುಕ್ರವಾರ ವಿದೇಶಿ ವಿನಿಮಯ ಸಂಗ್ರಹದ ಮೊತ್ತ ಕೊಡುತ್ತದೆ. ಇದರಲ್ಲಿ ಚಿನ್ನವೂ ಸೇರಿದೆ. 2024ರ ಸೆಪ್ಟೆಂಬರ್ 27ಕ್ಕೆ ಅದು 70,488 ಕೋಟಿ ಡಾಲರ್ ಮುಟ್ಟಿತ್ತು. ವಾರದ ಅಂಕಿಯಲ್ಲೂ ದರ ಮತ್ತು ಚಿನ್ನದ ಬೆಲೆ ಬೆರೆತಿರುತ್ತವೆ. ಬಿಡಿಸಿದ ಲೆಕ್ಕ ಬೇಕಿದ್ದರೆ ಪಾವತಿ ಶೇಷದ (ದೇಶಕ್ಕೆ ಹೊರಗಿನಿಂದ ಬಂದ, ಹೊರಗೆ ಹೋದ ಹಣದ ಲೆಕ್ಕ) ತ್ರೈಮಾಸಿಕ ಪ್ರಕಟಣೆಯ ಜೊತೆ ಬರುವ ‘ಸಂಗ್ರಹದಲ್ಲಿ ವ್ಯತ್ಯಾಸಕ್ಕೆ ಕಾರಣಗಳು’ ಎಂಬ ಟಿಪ್ಪಣಿ ತೆರೆಯಿರಿ. 2024–25ರಲ್ಲಿ ಸಂಗ್ರಹ ಸುಮಾರು 64,640 ಕೋಟಿ ಡಾಲರ್‌ನಿಂದ 66,830 ಕೋಟಿ ಡಾಲರ್‌ಗೆ ಏರಿತು. ಆದರೆ ಪಾವತಿ ಶೇಷದ ಲೆಕ್ಕದಲ್ಲಿ ಸುಮಾರು 500 ಕೋಟಿ ಡಾಲರ್ ಕರಗಿತ್ತು. ಏರಿಕೆಯಾಗಿ ಕಂಡದ್ದು ಚಿನ್ನದ ಬೆಲೆ ಮತ್ತು ದರದ ಕೊಡುಗೆ. ನಮ್ಮ ಹಣಕಾಸು ವರದಿಗಳಲ್ಲಿ ಇಷ್ಟು ಉಪಯುಕ್ತವಾದ, ಇಷ್ಟು ಕಡಿಮೆ ಜನ ಓದುವ ಪುಟ ಇನ್ನೊಂದಿಲ್ಲ.

ಪೀಣ್ಯದ ವರ್ಕ್‌ಶಾಪಿಗೆ ಇದರಿಂದ ಏನು

ಕೋಫರ್ ನೋಡಿ ಯಾರೂ ಡಾಲರ್ ಫಾರ್ವರ್ಡ್ (ಮುಂದಿನ ದಿನಾಂಕದ ದರವನ್ನು ಈಗಲೇ ನಿಗದಿ ಮಾಡಿಕೊಳ್ಳುವ ಒಪ್ಪಂದ) ಬುಕ್ ಮಾಡಬಾರದು. ಮೂರು ತಿಂಗಳು ಹಳೆಯ, ವರ್ಷಕ್ಕೆ ಅರ್ಧ ಅಂಶ ಅಲುಗುವ ಅಂಕಿ 90 ದಿನದ ಬಿಲ್ಲಿಗೆ ದಾರಿ ತೋರಿಸಲಾರದು. ಆದರೆ ‘ಯಾವುದರ ಎದುರು’ ಎಂಬ ಪ್ರಶ್ನೆ ನೇರವಾಗಿ ಜೇಬಿಗೆ ಸಂಬಂಧಿಸಿದ್ದು. 2025ರ ಮಾರ್ಚ್ ಕೊನೆಗೂ ಜೂನ್ ಕೊನೆಗೂ ಡಾಲರ್ ಸುಮಾರು ಎಂಬತ್ತೈದೂವರೆ ರೂಪಾಯಿಯಲ್ಲೇ ಇತ್ತು. ಪೀಣ್ಯದಲ್ಲಿ ಡಾಲರ್‌ನಲ್ಲಿ ಬಿಲ್ ಮಾಡುವ ವರ್ಕ್‌ಶಾಪಿನವರಿಗೆ ರೂಪಾಯಿ ಅಲುಗಿಲ್ಲ ಎಂದೇ ಕಂಡಿರುತ್ತದೆ. ಅದೇ ವರ್ಕ್‌ಶಾಪು ಜರ್ಮನಿಯಿಂದ 50,000 ಯೂರೊ ಬೆಲೆಯ ಯಂತ್ರಭಾಗ ತರಿಸಿಕೊಳ್ಳುತ್ತಿದ್ದರೆ? 85.5ನ್ನು 1.0815ರಿಂದ ಗುಣಿಸಿದರೆ ಯೂರೊಗೆ 92.47 ರೂಪಾಯಿ, 1.1720ರಿಂದ ಗುಣಿಸಿದರೆ 100.2 ರೂಪಾಯಿ. ಮಾರ್ಚ್ ಕೊನೆಯಲ್ಲಿ 46.2 ಲಕ್ಷಕ್ಕೆ ಆಗುತ್ತಿದ್ದ ಪಾವತಿ ಜೂನ್ ಕೊನೆಗೆ 50.1 ಲಕ್ಷ. ಡಾಲರ್–ರೂಪಾಯಿ ದರ ಒಂದನ್ನೇ ನೋಡುತ್ತ ಕೂತವರಿಗೆ ಈ 3.9 ಲಕ್ಷ ಎಲ್ಲಿಂದ ಬಂತೆಂದೇ ತಿಳಿಯುವುದಿಲ್ಲ. ಯಾವ ಕರೆನ್ಸಿಯಲ್ಲಿ ಬರುತ್ತದೆ, ಯಾವುದರಲ್ಲಿ ಹೋಗುತ್ತದೆ ಎಂದು ಎರಡು ಪಟ್ಟಿ ಮಾಡಿ, ನಮ್ಮ ದೇಶದ ಉಲ್ಲೇಖ ದರ ನಿಗದಿ ಮಾಡುವ ಸಂಸ್ಥೆ ಎಫ್‌ಬಿಐಎಲ್ ಪ್ರತಿ ಕೆಲಸದ ದಿನ ಪ್ರಕಟಿಸುವ ಡಾಲರ್, ಯೂರೊ, ಪೌಂಡ್, ಯೆನ್ ಉಲ್ಲೇಖ ದರಗಳನ್ನು ಆ ಪಟ್ಟಿಯ ಪಕ್ಕದಲ್ಲೇ ಇಟ್ಟುಕೊಳ್ಳಿ.

ಹಳೆಯ ಫೈಲನ್ನು ಅಳಿಸಬೇಡಿ

ಹೊಸ ಕೋಫರ್ ಬಂದಾಗ ಹಿಂದಿನ ತ್ರೈಮಾಸಿಕಗಳ ಅಂಕಿಯನ್ನೂ ಪರಿಷ್ಕರಿಸಿರುತ್ತಾರೆ. ಹಿಂದಿನ ಸಲ ಬರೆದಿಟ್ಟುಕೊಂಡ ಮಾರ್ಚ್ ಅಂಕಿಗೆ ಈ ಸಲದ ಜೂನ್ ಅಂಕಿಯನ್ನು ಹೋಲಿಸಿದರೆ ಪರಿಷ್ಕರಣೆಯನ್ನೇ ಬದಲಾವಣೆ ಎಂದುಕೊಳ್ಳುವ ಅಪಾಯವಿದೆ. ಪ್ರತಿ ಸಲ ಪೂರ್ತಿ ಕೋಷ್ಟಕವನ್ನು ಹೊಸದಾಗಿ ಇಳಿಸಿಕೊಂಡು, ಇಳಿಸಿದ ದಿನಾಂಕವನ್ನು ಫೈಲಿನ ಹೆಸರಿನಲ್ಲೇ ಹಾಕಿ, ಹೋಲಿಕೆಯನ್ನು ಒಂದೇ ಫೈಲಿನೊಳಗೆ ಮಾಡಿ. ಹಳೆಯ ಫೈಲಿನಲ್ಲಿ ಇದ್ದ ಅಂಕಿಗೂ ಹೊಸದರಲ್ಲಿ ಅದೇ ತಿಂಗಳಿಗೆ ಇರುವ ಅಂಕಿಗೂ ಎಷ್ಟು ಅಂತರ ಎಂದು ಒಂದು ಕಾಲಂನಲ್ಲಿ ಬರೆದಿಡಿ. ನಾಲ್ಕೈದು ತ್ರೈಮಾಸಿಕ ಕಳೆಯುವಷ್ಟರಲ್ಲಿ, ಈ ಕೋಷ್ಟಕದಲ್ಲಿ ಎಷ್ಟು ಸಣ್ಣ ಬದಲಾವಣೆಯನ್ನು ನಂಬಬಹುದು ಎಂಬುದನ್ನು ಆ ಕಾಲಮ್ಮೇ ಹೇಳುತ್ತದೆ.